ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಪ್ರಶ್ನೆ: ನಮಸ್ಕಾರ ಸರ್. ತೀರ್ಥಹಳ್ಳಿ ಕಡೆಯವಳು, ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಆಷಾಢದಲ್ಲಿ ಮೂರು ವಾರ ತವರಿಗೆ ಹೋಗಿದ್ದೆ. ಬಂದು ಕಂಪ್ಯೂಟರ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಮಾನಿಟರಿನಲ್ಲಿ ‘ನೋ ಸಿಗ್ನಲ್’ ಎಂದು ಬಂದು ಕಪ್ಪಾಗುತ್ತದೆ. ಅಂಗಡಿಯವರು ಫೋನಿನಲ್ಲೇ, ‘ಫಾರ್ಮ್ಯಾಟ್ ಮಾಡಿ ನೋಡೋಣ, ಆಗದಿದ್ದರೆ ಹೊಸ ಮದರ್‌ಬೋರ್ಡ್’ ಎಂದುಬಿಟ್ಟರು. ಶ್ರಾವಣದ ಮೂರು ಲಗ್ನಪತ್ರಿಕೆಗಳ ಫೈಲು ಅದರೊಳಗಿವೆ.

ಉತ್ತರ: ಮೇಡಂ, ಲಗ್ನಪತ್ರಿಕೆಗಳ ಚಿಂತೆ ಬಿಡಿ. ಅವು ಇರುವುದು ಹಾರ್ಡ್ ಡಿಸ್ಕಿನಲ್ಲಿ. ಡಿಸ್ಕನ್ನು ಕಿತ್ತು ಪಕ್ಕಕ್ಕಿಟ್ಟರೂ ಮದರ್‌ಬೋರ್ಡ್ ಕಂಪನಿಯ ಹೆಸರು ಪರದೆಯ ಮೇಲೆ ಬರಲೇಬೇಕು. ಪರದೆಯೇ ಬಾರದ ಯಂತ್ರವನ್ನು ಫಾರ್ಮ್ಯಾಟ್ ಮಾಡುವುದು ಹೇಗೆಂದು ಆ ಮಹಾನುಭಾವರನ್ನೇ ಕೇಳಬೇಕು.

‘ನೋ ಸಿಗ್ನಲ್’ ಬರುತ್ತಿದೆ ಎಂದಮೇಲೆ ಮಾನಿಟರಿಗೆ ಜೀವವಿದೆ. ಅದರ ಕೇಬಲನ್ನು ಎರಡೂ ತುದಿಯಲ್ಲಿ ಕಿತ್ತು ಮತ್ತೆ ಸಿಕ್ಕಿಸಿ. ಪರದೆಗೆ ಚಿತ್ರ ಕಳಿಸುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಆ ಕಾರ್ಡಿಗೇ ಹೋಗಬೇಕು.

ನನ್ನ ಅನುಮಾನವಿರುವುದು ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ಮೇಲೆ. ನಿಮ್ಮ ಕಡೆಯ ಮಳೆಗೆ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ರ‍್ಯಾಮಿನ ಹಲ್ಲುಗಳು ಹೇಗೆ ಪಾರಾದಾವು? ಪ್ಲಗ್ ಕಿತ್ತು ಪವರ್ ಬಟನ್ನನ್ನು 15 ಸೆಕೆಂಡ್ ಒತ್ತಿಹಿಡಿಯಿರಿ, ಒಳಗೆ ಉಳಿದ ವಿದ್ಯುತ್ ಖಾಲಿಯಾಗಲಿ. ಕ್ಯಾಬಿನೆಟ್ಟಿನ ಲೋಹವನ್ನು ಒಮ್ಮೆ ಮುಟ್ಟಿ, ತುದಿಯ ಕ್ಲಿಪ್ಪುಗಳನ್ನು ಒತ್ತಿ ರ‍್ಯಾಮ್ ತೆಗೆಯಿರಿ. ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆಯ ಮಕ್ಕಳ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ. ಪುಡಿಯನ್ನು ಒಣ ಬ್ರಷ್ಷಿನಿಂದ ಕೊಡವಿ. ಬಾಯಿಂದ ಊದಬೇಡಿ, ಉಸಿರಿನ ತೇವ ಸೇರುತ್ತದೆ. ನಡುವಿನ ಕಚ್ಚನ್ನು ಸ್ಲಾಟಿಗೆ ಹೊಂದಿಸಿ, ‘ಟಕ್’ ಎನ್ನುವವರೆಗೆ ಒತ್ತಿ. ಎರಡು ರ‍್ಯಾಮ್ ಇದ್ದರೆ ಒಂದನ್ನೇ ಹಾಕಿ ನೋಡಿ.

ಪ್ರಶ್ನೆ: ಎರಡಿವೆ ಸರ್, ಉಜ್ಜಿದೆ. ಬೇಸಿಗೆಯಲ್ಲಿ ಸೆಕೆಯೆಂದು ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದಿಟ್ಟಿದ್ದೆ, ಅದು ಹಾಗೆಯೇ ಉಳಿದಿತ್ತು. ಎರಡು ರ‍್ಯಾಮುಗಳ ಸಂದಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆ! ಕೀಳುವಾಗ ಮಣ್ಣು ಉದುರಿತು. ಒಂದೊಂದನ್ನೇ ಮೊದಲ ಸ್ಲಾಟಿಗೆ ಹಾಕಿ ನೋಡಿದೆ, ಪರದೆ ಬರಲಿಲ್ಲ. ಬೀಪ್ ಸದ್ದೂ ಇಲ್ಲ.

ಉತ್ತರ: ಇಪ್ಪತ್ತು ವರ್ಷದಿಂದ ಕ್ಯಾಬಿನೆಟ್ ಬಿಚ್ಚುತ್ತಿದ್ದೇನೆ. ಹಲ್ಲಿ, ಜಿರಲೆ, ಒಮ್ಮೆ ಇಲಿಮರಿ ಸಿಕ್ಕಿದ್ದವು, ಕುಂಬಾರ ಹುಳ ಇದೇ ಮೊದಲು.

ಬೀಪ್ ಬಾರದಿದ್ದರೆ ಹೆದರಬೇಡಿ. ಈಗಿನ ಎಷ್ಟೋ ಕ್ಯಾಬಿನೆಟ್ಟುಗಳಲ್ಲಿ ಬೀಪ್ ಹೊರಡಿಸುವ ಪುಟ್ಟ ಸ್ಪೀಕರನ್ನೇ ಕೊಡುವುದಿಲ್ಲ. ಉದುರಿದ ಮಣ್ಣು ಮೊದಲ ಸ್ಲಾಟಿನೊಳಗೇ ಕೂತಿರಬೇಕು. ಪ್ಲಗ್ ಕಿತ್ತು ರ‍್ಯಾಮನ್ನು ಎರಡನೆಯ ಸ್ಲಾಟಿಗೆ ಹಾಕಿ. ಅಷ್ಟಕ್ಕೂ ಬಾರದಿದ್ದರೆ ಬೋರ್ಡಿನಲ್ಲಿರುವ ನಾಣ್ಯದಂಥ ಸೆಲ್ಲನ್ನು ಹತ್ತು ನಿಮಿಷ ತೆಗೆದಿಟ್ಟು ಮರಳಿ ಹಾಕಿ, ಬಯಾಸ್ (ಯಂತ್ರವನ್ನು ಚಾಲೂ ಮಾಡುವ, ಬೋರ್ಡಿನೊಳಗಿನ ತಂತ್ರಾಂಶ) ಸೆಟ್ಟಿಂಗ್ ಅಳಿಸಿಹೋಗುತ್ತದೆ. ಹಳತಾಗಿದ್ದರೆ ಸಿಆರ್2032 ಎಂದು ಕೇಳಿ, 3 ವೋಲ್ಟಿನದು. ಪ್ರೊಸೆಸರಿನ ಪಕ್ಕದ 4 ಅಥವಾ 8 ಪಿನ್ನಿನ ವಯರ್ ಬಿಗಿಯಾಗಿದೆಯೇ ಎಂದೂ ನೋಡಿ. ಅದು ಸಡಿಲವಾದರೂ ಫ್ಯಾನ್ ತಿರುಗುತ್ತದೆ, ಚಿತ್ರ ಬರುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ಸರ್, ಹುಬ್ಬಳ್ಳಿಯಿಂದ. ನಾನೇ ಹೊಸ ಕಂಪ್ಯೂಟರ್ ಜೋಡಿಸಿದೆ, ಇದೇ ತೊಂದರೆ. ಇಂಟೆಲ್ ಐ5 12400ಎಫ್, ಗ್ರಾಫಿಕ್ಸ್ ಕಾರ್ಡ್ ಇನ್ನೂ ಕೊಂಡಿಲ್ಲ.

ಉತ್ತರ: ಯಾವುದೂ ಕೆಟ್ಟಿಲ್ಲ ಮಾರಾಯರೇ. ಆ ಕೊನೆಯ ‘ಎಫ್’ ಇದ್ದರೆ ಪ್ರೊಸೆಸರಿನೊಳಗೆ ಬಳಸಬಹುದಾದ ಗ್ರಾಫಿಕ್ಸ್ ಇಲ್ಲ ಎಂದರ್ಥ. ಬೋರ್ಡಿನ ಹಿಂದೆ ಎಚ್‌ಡಿಎಂಐ ಕಿಂಡಿ ಇದ್ದರೂ ಅದಕ್ಕೆ ಚಿತ್ರ ಕಳಿಸುವವರಿಲ್ಲ. ಕಾರ್ಡ್ ಬಂದಮೇಲೆ ನೋಡಿ.

ಮೊದಲ ಪ್ರಶ್ನೆಯವರು: ಬಂತು ಸರ್! ಎರಡನೆಯ ಸ್ಲಾಟಿಗೆ ಹಾಕಿ ಸೆಲ್ಲನ್ನೂ ತೆಗೆದುಹಾಕಿದೆ, ಪರದೆ ಬಂತು. ಆದರೆ ದಿನಾಂಕ ಎಷ್ಟೋ ವರ್ಷ ಹಿಂದಿನದು ತೋರಿಸುತ್ತಿದೆ, ಇಮೇಲ್ ತೆರೆದರೆ ಏನೋ ಎಚ್ಚರಿಕೆ ಬರುತ್ತಿದೆ.

ಉತ್ತರ: ದಿನಾಂಕ ಸರಿಪಡಿಸಿದರೆ ಆ ಎಚ್ಚರಿಕೆಯೂ ಹೋಗುತ್ತದೆ. ಆಫ್ ಮಾಡಿ ಹಾಕಿದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಸೆಲ್ ಬದಲಿಸಿ. ಆ ಮೊದಲು ಮೂರೂ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಮೊದಲ ಸ್ಲಾಟಿನ ಮಣ್ಣನ್ನು ಸೂಜಿಯಿಂದ ಕೆದಕಬೇಡಿ, ಪಿನ್ ಬಾಗುತ್ತದೆ. ಸದ್ಯ ಒಂದೇ ರ‍್ಯಾಮಿನಲ್ಲಿ ಕೆಲಸ ಮುಗಿಸಿ. ಪಕ್ಕದ ತಗಡನ್ನು ಇವತ್ತೇ ಹಾಕಿ.