ಗಾಂಧಿ ಸರ್ಕಲ್ ಸಿಗ್ನಲ್‌ನಲ್ಲಿ ಕಾಯೋದನ್ನ ಅಳೆಯೋದು ಹೆಂಗೆ?

ಪಿ.ಬಿ. ರೋಡ್ ಅಂಗಡಿಯವ: ದಾವಣಗೆರೆಯಲ್ಲಿ ನಂದು ಬಿಡಿಭಾಗದ ಅಂಗಡಿ. ಸಂಜೆ ಲಗೇಜ್ ಆಟೊ ಸಿಗ್ನಲ್‌ನಲ್ಲಿ ಸಿಕ್ಕಾಕ್ಕೊಂಡ್ರೆ ಮುಗೀತು. "ಭಾರಿ ಜಾಮ್" ಅಂದ್ರೆ ಯಾರೂ ಕಿವಿಗೆ ಹಾಕ್ಕೊಳಲ್ಲ, ಲೆಕ್ಕ ಕೊಡ್ರಿ ಅಂತಾರೆ. ಹೆಂಗೆ?

ಉತ್ತರ 1: 15 ಸೆಕೆಂಡಿಗೊಮ್ಮೆ ನಿಂತ ಗಾಡಿ ಎಣಿಸಿ, ಎಲ್ಲ ಕೂಡಿಸಿ. 15ರಿಂದ ಗುಣಿಸಿ, ಅಷ್ಟೊತ್ತಲ್ಲಿ ಬಂದ ಒಟ್ಟು ಗಾಡಿಯಿಂದ ಭಾಗಿಸಿ. ಮೊತ್ತ 120, ಗಾಡಿ 60 ಆದ್ರೆ ಸರಾಸರಿ 30 ಸೆಕೆಂಡ್.

ಉತ್ತರ 2: ಸಿಗ್ನಲ್ ಸುತ್ತು (ಒಂದು ಕೆಂಪು ದೀಪದಿಂದ ಮುಂದಿನ ಕೆಂಪಿನವರೆಗೆ) 90 ಸೆಕೆಂಡ್ ಇದ್ರೆ 15 ಬೇಡ, 13 ಹಿಡೀರಿ, ಗುಣಿಸೋದೂ 13ರಿಂದಲೇ. ಇಲ್ಲಾಂದ್ರೆ ಪ್ರತಿ ಸುತ್ತಲ್ಲೂ ಅದದೇ ಕ್ಷಣಕ್ಕೆ ಎಣಿಸ್ತೀರಿ, ಲೆಕ್ಕ ಒಂದು ಕಡೆ ವಾಲಬಹುದು.

ಪಿ.ಬಿ. ರೋಡ್ ಅಂಗಡಿಯವ: ಸಂದೀಲಿ ನುಗ್ಗಿ ಮುಂದೆ ನಿಲ್ಲೋ ಬೈಕು?

ಉತ್ತರ 1: ಅವಕ್ಕೆ ಬೇರೆ ಕಾಲಂ ಹಾಕ್ರಿ ಅಣ್ಣಾ. ಸೇರಿಸಿದ್ರೆ ನಿಮ್ಮ ಆಟೊ ಕಷ್ಟ ಸರಾಸರೀಲಿ ಮುಚ್ಚಿಹೋಗುತ್ತೆ.