ಒಂದು ಬಾಟಲಿ ನೀರಿನ ಫಾರ್ವರ್ಡ್

(ಫ್ಯಾಮಿಲಿ ಗ್ರೂಪ್)

ಭಾವ: (ಫಾರ್ವರ್ಡ್) “ಇನ್ನು ಕೆರೆಗೆ ಬಲೆ ಹಾಕಬೇಕಿಲ್ಲ! ಒಂದು ಬಾಟಲಿ ನೀರು ಸಾಕು. ಅದರಲ್ಲಿನ ಡಿಎನ್‌ಎ ನೋಡಿ ಯಾವ ಪ್ರಾಣಿ, ಎಷ್ಟಿದೆ ಎಂದು ಯಂತ್ರವೇ ಹೇಳುತ್ತದೆ. ಪ್ರಾಣಿ ಗುರುತಿಸುವವರ ಕೆಲಸ ಮುಗಿಯಿತು!!”

ಭಾವ: ಮಾವ, ಇದನ್ನು ನೀವು ಓದಲೇಬೇಕು.

ಚಿಕ್ಕಪ್ಪ: ಓದಿದೆ. ಒಪ್ಪುವುದಿಲ್ಲ. ಲೆನ್ಸ್ ಕೆಳಗೆ ಕಿವಿರು ನೋಡಿ, ಕಾಲಿನ ಮುಳ್ಳು ಎಣಿಸಿ ಹೆಸರು ಹೇಳುವುದನ್ನು ಕಲಿಯಲು ವರ್ಷಗಟ್ಟಲೆ ಬೇಕು. ಆ ವಿದ್ಯೆ ಕೈಬಿಟ್ಟರೆ ಮತ್ತೆ ಬರುವುದಿಲ್ಲ.

ನಾನು: ಭಾವ, ಫಾರ್ವರ್ಡ್‌ನ ಮೊದಲ ಭಾಗದಲ್ಲಿ ಹುರುಳಿದೆ. ಲೋಳೆ, ಮಲ, ಉದುರಿದ ಚರ್ಮ ಎಲ್ಲದರಿಂದಲೂ ಡಿಎನ್‌ಎ ನೀರಿಗೆ ಸೇರುತ್ತದೆ. ಫ್ರಾನ್ಸಿನ ಕೊಳಗಳಲ್ಲಿ ಅಮೆರಿಕದ ಬುಲ್‌ಫ್ರಾಗ್ ಅನ್ನುವ ಕಪ್ಪೆ ಸೇರಿಕೊಂಡಿರುವುದನ್ನು ಬರೀ ನೀರಿನಿಂದ ಪತ್ತೆ ಮಾಡಿದ ವರದಿ 2008ರಲ್ಲೇ ಬಂತು. ಆದರೆ “ಎಷ್ಟಿದೆ” ಅನ್ನುವುದು ಜಾಸ್ತಿ ಆಯ್ತು.

ಭಾವ: ಮೀನು ಜಾಸ್ತಿ ಇದ್ದರೆ ಡಿಎನ್‌ಎ ಜಾಸ್ತಿ ಸಿಗುತ್ತದೆ, ಅಲ್ವಾ?

ನಾನು: ಒಂದು ಮಟ್ಟಕ್ಕೆ ಹೌದು. ಆದರೆ ಬಿಸಿಲು, ನೀರಿನ ಬಿಸಿ, ಹರಿವು ಎಲ್ಲ ಸೇರಿ ಲೆಕ್ಕ ಕೆಡಿಸುತ್ತವೆ. ಮರಿಯೋ ದೊಡ್ಡದೋ, ಬದುಕಿದೆಯೋ ಸತ್ತಿದೆಯೋ, ಇಲ್ಲಿನದೋ ಮೇಲಿನಿಂದ ಹರಿದು ಬಂದದ್ದೋ ಅನ್ನುವುದು ಆ ಬಾಟಲಿಯಿಂದ ಗೊತ್ತಾಗುವುದಿಲ್ಲ.

ಅಕ್ಕ: ಅದೆಲ್ಲ ಸರಿ, ಯಂತ್ರಕ್ಕೆ ಪ್ರಾಣಿಯ ಹೆಸರು ಹೇಗೆ ಗೊತ್ತು?

ನಾನು: ಯಂತ್ರಕ್ಕೆ ಗೊತ್ತಿಲ್ಲ ಅಕ್ಕ, ಅದು ಹೋಲಿಸುತ್ತದೆ ಅಷ್ಟೇ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಅನ್ನುವ ಭಾಗದಲ್ಲಿ ಸಿಒಐ ಅಂತ ಒಂದು ಜೀನ್ ಇದೆ. ಅದರಲ್ಲಿ ಸುಮಾರು 650 ಅಕ್ಷರದ ತುಂಡನ್ನು ಓದುತ್ತಾರೆ. ಡಿಎನ್‌ಎಯಲ್ಲಿ ಎ, ಟಿ, ಜಿ, ಸಿ ನಾಲ್ಕೇ ಅಕ್ಷರ. ಇದನ್ನು ಪ್ರಾಣಿಗಳ ಬಾರ್‌ಕೋಡ್ ಮಾಡೋಣ ಅಂತ 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ತಂಡ ಮುಂದಿಟ್ಟಿತು. ಓದಿದ್ದನ್ನು ‘ಬೋಲ್ಡ್’ ತರಹದ ಡೇಟಾಬೇಸ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ಹೆಸರು ಸಿಗಬೇಕಾದರೆ ಮೊದಲು ಯಾರೋ ಒಬ್ಬರು ಆ ಪ್ರಾಣಿಯನ್ನು ಕಣ್ಣಾರೆ ನೋಡಿ, ಗುರುತಿಸಿ, ಹೆಸರು ಹಾಕಿರಬೇಕು. ಅವರು ತಪ್ಪು ಹೆಸರು ಹಾಕಿದ್ದರೆ ಹುಡುಕಿದವರಿಗೆಲ್ಲ ಅದೇ ತಪ್ಪು ಸಿಗುತ್ತದೆ.

ಚಿಕ್ಕಪ್ಪ: ನೋಡಿ, ಕೊನೆಗೆ ಕಣ್ಣೇ ಬೇಕಾಯಿತು.

ನಾನು: ಕಣ್ಣೊಂದೇ ಸಾಲದು ಚಿಕ್ಕಪ್ಪ. ಶಾಕ್ ಹೊಡೆಯುವ ಮೀನು ವಿದ್ಯುತ್ ಈಲ್‌ಗೆ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಹೆಸರಿಟ್ಟಿದ್ದು 1766ರಲ್ಲಿ. ಅಲ್ಲಿಂದ 250 ವರ್ಷ ಎಲ್ಲರೂ ಅದು ಒಂದೇ ಪ್ರಭೇದ ಅಂದುಕೊಂಡರು. 2019ರಲ್ಲಿ ನೋಡಿದರೆ ಮೂರು! ಡಿಎನ್‌ಎಯಲ್ಲಿ ಮೂರು ಗುಂಪು ಕಂಡ ಮೇಲೆ ಮಾದರಿಗಳನ್ನು ಮತ್ತೆ ತೆಗೆದು ನೋಡಿದರು. ಆಗ ತಲೆಬುರುಡೆಯ ಆಕಾರದಲ್ಲೂ ವ್ಯತ್ಯಾಸ ಸಿಕ್ಕಿತು. ಅದರಲ್ಲಿ ಒಂದು 860 ವೋಲ್ಟ್ ಕೊಟ್ಟಿದೆ.

ಚಿಕ್ಕಪ್ಪ: ಅಪರೂಪದ ಉದಾಹರಣೆ ಹಿಡಿದುಕೊಂಡು ಬರಬೇಡ.

ನಾನು: ಅಪರೂಪ ಅಲ್ಲ. ಹೈಯಲೆಲ್ಲಾ ಅಜ್ಟೆಕಾ ಅನ್ನುವ ಪುಟ್ಟ ಸೀಗಡಿಯಂಥ ಜೀವಿ ಇದೆ. ಕೆರೆ, ನದಿಯ ಕೆಸರಿನಲ್ಲಿ ವಿಷ ಇದೆಯಾ ಅಂತ ಪರೀಕ್ಷಿಸಲು ಲ್ಯಾಬ್‌ಗಳಲ್ಲಿ ಇದನ್ನೇ ಸಾಕುತ್ತಾರೆ. ಡಿಎನ್‌ಎ ನೋಡಿದರೆ ಒಂದೇ ಹೆಸರಿನಡಿ ಹಲವು ಪ್ರಭೇದಗಳಿವೆ, ಅವು ವಿಷ ತಡೆದುಕೊಳ್ಳುವುದೂ ಬೇರೆ ಬೇರೆ. ಯಾವುದನ್ನು ಸಾಕಿದ್ದೇವೆ ಅಂತ ತಿಳಿಯದೆ ಇಷ್ಟು ವಿಷ ಇದ್ದರೂ ಪರವಾಗಿಲ್ಲ ಅಂತ ಹೇಳುವುದು ಹೇಗೆ? ಇದನ್ನು ಸುಮ್ನೆ ಬಿಡುವ ಹಾಗಿಲ್ಲ.

ಭಾವ: ಅಂದರೆ ಡಿಎನ್‌ಎ ತಪ್ಪುವುದೇ ಇಲ್ಲ ಅಂತಾಯ್ತು.

ನಾನು: ತಪ್ಪುತ್ತದೆ ಭಾವ. ಸಿಹಿನೀರಿನ ಕಪ್ಪೆಚಿಪ್ಪು ನೋಡಿ. ಸಾಮಾನ್ಯವಾಗಿ ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರುತ್ತದೆ. ಇವುಗಳಲ್ಲಿ ಹಲವು ಪ್ರಭೇದಗಳಲ್ಲಿ ತಂದೆಯದೂ ಗಂಡುಮರಿಗೆ ಬರುತ್ತದೆ, ಬಂದು ವೃಷಣದಲ್ಲಿ ನೆಲೆಸುತ್ತದೆ. ಎರಡಕ್ಕೂ ಎಷ್ಟು ಅಂತರ ಅಂದರೆ, ಒಂದೇ ಪ್ರಾಣಿಯ ಎರಡು ಕಡೆಯಿಂದ ತುಂಡು ತೆಗೆದರೆ ಎರಡು ಪ್ರಭೇದ ಅಂತ ಉತ್ತರ ಬರಬಹುದು. ಆಫ್ರಿಕಾದ ವಿಕ್ಟೋರಿಯಾ ಸರೋವರದ ಸಿಕ್ಲಿಡ್ ಮೀನುಗಳದ್ದು ಇದಕ್ಕೆ ತದ್ವಿರುದ್ಧ. ಬಣ್ಣ ಬೇರೆ, ಹಲ್ಲು ಬೇರೆ, ತಿನ್ನುವುದು ಬೇರೆ. ಆದರೆ ಈಚೆಗೆ ಕವಲೊಡೆದವು, ಹಾಗಾಗಿ ಈ ಬಾರ್‌ಕೋಡ್‌ನಿಂದ ಅವನ್ನು ಬೇರ್ಪಡಿಸುವುದು ಕಷ್ಟ. ಅಲ್ಲಿ ಚಿಕ್ಕಪ್ಪನಂಥವರ ಕಣ್ಣೇ ಮುಂದು.

ಅಕ್ಕ: ಹಾಗಾದರೆ ಇಬ್ಬರೂ ಜಗಳ ಬಿಟ್ಟು ಸೇರಿ ಕೆಲಸ ಮಾಡಿ.

ಭಾವ: ಕೊನೆಯ ಸಾಲು ತೆಗೆದು ಮತ್ತೆ ಹಾಕುತ್ತೇನೆ.

ನಾನು: “ಎಷ್ಟಿದೆ” ಅನ್ನುವುದನ್ನೂ ತೆಗೆಯಿರಿ.

ಚಿಕ್ಕಪ್ಪ: ಕಪ್ಪೆಚಿಪ್ಪಿನಿಂದ ತುಂಡು ತೆಗೆಯುವುದಾದರೆ ಎಲ್ಲಿಂದ ತೆಗೆಯಬೇಕು? ಫಾರ್ಮಲಿನ್‌ನಲ್ಲಿ ಇಡಬಹುದಾ?

ನಾನು: ಪಾದದ (ಚಿಪ್ಪಿನಿಂದ ಹೊರಚಾಚಿ ತೆವಳುವ ಮಾಂಸಲ ಭಾಗ) ಅಂಚಿನಿಂದ ಅಕ್ಕಿಕಾಳಿನಷ್ಟು ಸಾಕು. ಫಾರ್ಮಲಿನ್ ಬೇಡವೇ ಬೇಡ, ಡಿಎನ್‌ಎ ಹಾಳಾಗುತ್ತದೆ. 95% ಎಥನಾಲ್‌ಗೆ (ಆಲ್ಕೋಹಾಲ್) ಹಾಕಿ. ಚಿಪ್ಪು ಬಿಸಾಡಬೇಡಿ, ತುಂಡಿಗೂ ಚಿಪ್ಪಿಗೂ ಒಂದೇ ನಂಬರ್ ಬರೆದಿಡಿ.

ಚಿಕ್ಕಪ್ಪ: ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಎಥನಾಲ್ ತಾಗಿದರೆ ಪೆನ್ನಿನ ಇಂಕು ಹರಡಿಹೋಗುತ್ತದೆ.