ಫಿಟ್‌ನೆಸ್ ತರಬೇತುದಾರರಾಗಲು ಕಾಲೇಜು ಪದವಿ ಬೇಕೇ, ಪ್ರಮಾಣಪತ್ರ ಸಾಕೇ?

ಪ್ರಶ್ನೆ (ವಿದ್ಯಾರ್ಥಿ)

ಎಲ್ಲರಿಗೂ ನಮಸ್ಕಾರ. ಶಾಲಾ ಶಿಕ್ಷಣ ಮುಗಿಯುವ ಹಂತದಲ್ಲಿರುವ ನನಗೆ ಮುಂದೆ ಪರ್ಸನಲ್ ಟ್ರೈನರ್ ಆಗಿ ದುಡಿಯಬೇಕೆಂಬ ಆಸೆಯಿದೆ. ಇದಕ್ಕೆ ನನ್ನ ಮುಂದಿರುವ ದಾರಿಗಳು ಎರಡು. ಕಾಲೇಜಿಗೆ ಸೇರಿ ಮೂರು ನಾಲ್ಕು ವರ್ಷ ವ್ಯಾಯಾಮ ವಿಜ್ಞಾನವನ್ನು ಓದಿ ಪದವಿ ಪಡೆಯುವುದು ಒಂದು. ಕೆಲವು ತಿಂಗಳು ಮನೆಯಲ್ಲೇ ಓದಿಕೊಂಡು, ಪರೀಕ್ಷೆ ಬರೆದು, ಪ್ರಮಾಣಪತ್ರ ಪಡೆದು ನೇರವಾಗಿ ಜಿಮ್ಮಿನಲ್ಲಿ ಕೆಲಸಕ್ಕೆ ಸೇರುವುದು ಇನ್ನೊಂದು. ನಾನು ಹೋಗುವ ಜಿಮ್ಮಿನ ತರಬೇತುದಾರರು ಎರಡನೆಯದೇ ಸಾಕು ಎನ್ನುತ್ತಾರೆ. ಕಾಲೇಜಿನಲ್ಲಿ ಓದಿದ ರಸಾಯನಶಾಸ್ತ್ರವನ್ನು ಯಾವ ಗ್ರಾಹಕರೂ ಕೇಳುವುದಿಲ್ಲ ಎಂಬುದು ಅವರ ವಾದ. ಮನೆಯಲ್ಲಿ ಪದವಿ ಇರಲೇಬೇಕೆಂಬ ಒತ್ತಾಯವಿದೆ. ಪದವಿ ತರಗತಿಗಳಲ್ಲಿ ನಿಜಕ್ಕೂ ಏನನ್ನು ಕಲಿಸುತ್ತಾರೆ, ಅದು ಗ್ರಾಹಕರ ಎದುರು ನಿಂತಾಗ ಉಪಯೋಗಕ್ಕೆ ಬರುತ್ತದೆಯೇ ಎಂಬುದನ್ನು ಈ ಕ್ಷೇತ್ರದಲ್ಲಿರುವವರು ದಯವಿಟ್ಟು ತಿಳಿಸಬೇಕು. ವಿಜ್ಞಾನದ ವಿಷಯಗಳಲ್ಲಿ ನನ್ನ ಅಂಕಗಳು ಸಾಧಾರಣ ಎಂಬುದನ್ನೂ ಹೇಳಿಬಿಡುತ್ತೇನೆ.

ಉತ್ತರ 1 (ಕಾಲೇಜು ಅಧ್ಯಾಪಕರು)

ಗ್ರಾಹಕರು ರಸಾಯನಶಾಸ್ತ್ರವನ್ನು ಕೇಳುವುದಿಲ್ಲ ಎಂಬುದು ನಿಜ. ಆದರೆ ಅವರು ಕೇಳುವ ಸರಳ ಪ್ರಶ್ನೆಗಳಿಗೆ ಉತ್ತರ ಅಲ್ಲಿಂದಲೇ ಬರಬೇಕಾಗುತ್ತದೆ. ಭಾರವಾದ ಒಂದು ಸೆಟ್ ಮುಗಿದ ಮೇಲೆ ಮೂರು ನಿಮಿಷ ಏಕೆ ಕುಳಿತಿರಬೇಕು, ಒಂದೇ ನಿಮಿಷಕ್ಕೆ ಮತ್ತೆ ಎತ್ತಿದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಅಲ್ಪಕಾಲದ, ಗರಿಷ್ಠ ಬಲದ ಕೆಲಸಕ್ಕೆ ಸ್ನಾಯುವು ಮುಖ್ಯವಾಗಿ ತನ್ನಲ್ಲಿ ಸಂಗ್ರಹವಾಗಿರುವ ಎಟಿಪಿ ಮತ್ತು ಫಾಸ್ಫೋಕ್ರಿಯಾಟಿನ್ ಎಂಬ, ತಕ್ಷಣ ಶಕ್ತಿ ಕೊಡುವ ರಾಸಾಯನಿಕಗಳನ್ನು ಬಳಸುತ್ತದೆ. ಈ ಸಂಗ್ರಹ ಸುಮಾರು ಹತ್ತು ಸೆಕೆಂಡುಗಳಲ್ಲಿ ಬಹುಮಟ್ಟಿಗೆ ಖಾಲಿಯಾಗುತ್ತದೆ, ಮತ್ತೆ ತುಂಬಿಕೊಳ್ಳಲು ಕೆಲವು ನಿಮಿಷಗಳು ಬೇಕು. ಇಷ್ಟನ್ನು ತಿಳಿದವರು ಬಲವರ್ಧನೆಗೆ ಬಂದವರಿಗೆ ದೀರ್ಘ ವಿಶ್ರಾಂತಿಯನ್ನೂ, ಸಹನಶಕ್ತಿಗಾಗಿ ಬಂದವರಿಗೆ ಚುಟುಕು ವಿಶ್ರಾಂತಿಯನ್ನೂ ಕಾರಣಸಹಿತವಾಗಿ ಕೊಡಬಲ್ಲರು. ತಿಳಿಯದವರು ತಾವು ಎಲ್ಲೋ ನೋಡಿದ್ದನ್ನು ಎಲ್ಲರಿಗೂ ಒಂದೇ ಸಮನೆ ಹಂಚುತ್ತಾರೆ.

ಇನ್ನೂ ಮುಖ್ಯವಾದ ಉದಾಹರಣೆಯೊಂದನ್ನು ಕೊಡುತ್ತೇನೆ. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಹೃದಯಬಡಿತ ಸಿಗುತ್ತದೆ ಎಂಬ ಸೂತ್ರ ಎಲ್ಲ ಜಿಮ್ಮುಗಳ ಗೋಡೆಯ ಮೇಲೂ ಇರುತ್ತದೆ. ಅದು ಸರಾಸರಿಯ ಅಂದಾಜು ಮಾತ್ರ. ಒಬ್ಬ ವ್ಯಕ್ತಿಯಲ್ಲಿ ಅದು ಹತ್ತು ಹನ್ನೆರಡು ಬಡಿತಗಳಷ್ಟು ಆಚೀಚೆಯಾಗುವುದು ಸಾಮಾನ್ಯ. ಹೀಗಿರುವಾಗ ರಕ್ತದೊತ್ತಡಕ್ಕೆಂದು ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವ ಐವತ್ತೈದರ ಗ್ರಾಹಕರೊಬ್ಬರು ಬಂದರೆಂದುಕೊಳ್ಳಿ. ಆ ಮಾತ್ರೆ ಶ್ರಮದ ಹೊತ್ತಿನಲ್ಲೂ ಹೃದಯಬಡಿತವನ್ನು ಹೆಚ್ಚು ಏರಲು ಬಿಡುವುದಿಲ್ಲ. ಸೂತ್ರವನ್ನೇ ನಂಬಿದ ತರಬೇತುದಾರರು ಕೈಗಡಿಯಾರದಲ್ಲಿ ಬಡಿತ ಕಡಿಮೆ ಕಂಡಿತೆಂದು ಅವರನ್ನು ಇನ್ನಷ್ಟು ಓಡಿಸುತ್ತಾರೆ. ಶರೀರಕ್ರಿಯಾಶಾಸ್ತ್ರವನ್ನು ಓದಿದವರು ಸಂಖ್ಯೆಯನ್ನು ಬದಿಗಿಟ್ಟು, ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ ಎಷ್ಟು ಶ್ರಮವೆನಿಸುತ್ತಿದೆ ಎಂದು ಗ್ರಾಹಕರೇ ಅಂಕ ಹೇಳುವ, 6ರಿಂದ 20ರವರೆಗಿನ ಶ್ರಮದ ಮಾಪಕವನ್ನು ಬಳಸುತ್ತಾರೆ, ಇಲ್ಲವೇ ವ್ಯಾಯಾಮದ ನಡುವೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾಗುತ್ತಿದೆಯೇ ಎಂಬುದನ್ನು ಗಮನಿಸುತ್ತಾರೆ.

ಅಂಗರಚನಾಶಾಸ್ತ್ರ, ಬಯೋಮೆಕ್ಯಾನಿಕ್ಸ್ (ದೇಹದ ಚಲನೆಯ ಭೌತವಿಜ್ಞಾನ), ಪೋಷಣೆ, ವ್ಯಾಯಾಮ ಯೋಜನೆ, ವರ್ತನೆಯ ಮನೋವಿಜ್ಞಾನ ಇವೆಲ್ಲ ಪಠ್ಯಕ್ರಮದಲ್ಲಿ ಇರುತ್ತವೆ. ಕೊನೆಯದನ್ನು ವಿದ್ಯಾರ್ಥಿಗಳು ಹಗುರವಾಗಿ ನೋಡುವುದೇ ಹೆಚ್ಚು. ಆದರೆ ಎರಡನೆಯ ತಿಂಗಳಿಗೆ ವ್ಯಾಯಾಮ ಬಿಟ್ಟುಬಿಡುವವರನ್ನು ಉಳಿಸಿಕೊಳ್ಳುವ ವಿದ್ಯೆ ಇರುವುದು ಅಲ್ಲಿಯೇ.

ಉತ್ತರ 2 (ವೃತ್ತಿನಿರತ ತರಬೇತುದಾರರು)

ಅಧ್ಯಾಪಕರ ಮಾತನ್ನು ಗೌರವಿಸುತ್ತಲೇ ಸ್ವಲ್ಪ ಭಿನ್ನವಾಗಿ ಹೇಳಬೇಕಾಗಿದೆ. ನನ್ನ ಕೈಕೆಳಗೆ ಕೆಲಸ ಕಲಿಯಲು ಬಂದ ಪದವೀಧರರಲ್ಲಿ ಹಲವರಿಗೆ ತೊಡೆಯ ಮುಂಭಾಗದ ನಾಲ್ಕು ಸ್ನಾಯುಗಳ (ಕ್ವಾಡ್ರಿಸೆಪ್ಸ್) ಹೆಸರು ಬಾಯಿಪಾಠವಿತ್ತು, ಆದರೆ ಎದುರಿಗಿದ್ದವರಿಗೆ ಸ್ಕ್ವಾಟ್ ಕಲಿಸಲು ಬರುತ್ತಿರಲಿಲ್ಲ. ‘ಕ್ವಾಡ್ರಿಸೆಪ್ಸ್ ಬಿಗಿ ಮಾಡಿ’ ಎಂದರೆ ಹೊಸಬರಿಗೆ ಏನೂ ಅರ್ಥವಾಗುವುದಿಲ್ಲ. ‘ಪಾದಗಳಿಂದ ನೆಲವನ್ನು ಕೆಳಕ್ಕೆ ತಳ್ಳಿ’ ಎಂದರೆ ದೇಹ ತಾನಾಗಿ ಸರಿಯಾದ ಚಲನೆಯನ್ನು ಹುಡುಕಿಕೊಳ್ಳುತ್ತದೆ. ಗಮನವನ್ನು ಅಂಗದ ಮೇಲಿಡುವುದಕ್ಕಿಂತ ಚಲನೆಯ ಪರಿಣಾಮದ ಮೇಲಿಟ್ಟರೆ ಕಲಿಕೆ ಸುಲಭ ಎಂದು ಚಲನಾ ಕಲಿಕೆಯ ಸಂಶೋಧಕಿ ಗೇಬ್ರಿಯೆಲೆ ವುಲ್ಫ್ ಅವರ ಪ್ರಯೋಗಗಳೂ ತೋರಿಸಿವೆ. ಅಂದರೆ ಇದೂ ವಿಜ್ಞಾನವೇ, ಆದರೆ ನೂರಾರು ಜನರಿಗೆ ಹೇಳಿ ಹೇಳಿಯೇ ಇದು ನಾಲಿಗೆಗೆ ಒಗ್ಗಬೇಕು.

ಪ್ರಮಾಣಪತ್ರಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್, ಎನ್‌ಎಸ್‌ಸಿಎ, ಎಸಿಇ, ಎನ್‌ಎಎಸ್‌ಎಂ ಮೊದಲಾದ ಸಂಸ್ಥೆಗಳ ತರಬೇತುದಾರರ ಪರೀಕ್ಷೆಗಳಿಗೆ ಎನ್‌ಸಿಸಿಎ ಎಂಬ ಸ್ವತಂತ್ರ ಮಂಡಳಿಯ ಮಾನ್ಯತೆ ಇದೆ. ಇವುಗಳಿಗೆ ಹದಿನೆಂಟು ವರ್ಷ ತುಂಬಿರಬೇಕು, ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ) ತರಬೇತಿಯೂ ಆಗಿರಬೇಕು. ಪ್ರಮಾಣಪತ್ರವನ್ನು ಸಂಸ್ಥೆಗನುಗುಣವಾಗಿ ಎರಡು ಅಥವಾ ಮೂರು ವರ್ಷಗಳಿಗೊಮ್ಮೆ ಮುಂದುವರಿದ ಕಲಿಕೆಯ ಆಧಾರದ ಮೇಲೆ ನವೀಕರಿಸಿಕೊಳ್ಳಬೇಕಾಗುತ್ತದೆ. ಒಂದು ವಾರಾಂತ್ಯದಲ್ಲಿ ಕಾಗದ ಕೈಗೆ ಕೊಡುವವರಿಂದ ದೂರವಿರಿ.

ಹಾಗೆಂದು ಪದವಿ ವ್ಯರ್ಥ ಎನ್ನುತ್ತಿಲ್ಲ. ಕ್ರೀಡಾಪಟುಗಳೊಂದಿಗೆ ಕೆಲಸ ಮಾಡುವವರಿಗಾಗಿ ಎನ್‌ಎಸ್‌ಸಿಎ ನಡೆಸುವ ಸಿಎಸ್‌ಸಿಎಸ್ ಪರೀಕ್ಷೆಗೆ ಪದವಿ ಕಡ್ಡಾಯ. ಹೃದಯ ಶಸ್ತ್ರಚಿಕಿತ್ಸೆಯ ನಂತರದ ಪುನಶ್ಚೇತನದಂತಹ ಕಡೆ ಕೆಲಸ ಮಾಡುವ ಕ್ಲಿನಿಕಲ್ ವ್ಯಾಯಾಮ ಶರೀರಕ್ರಿಯಾ ತಜ್ಞರಾಗಲು ಪದವಿಯ ಜೊತೆಗೆ ನೂರಾರು ಗಂಟೆಗಳ ಕ್ಲಿನಿಕಲ್ ಅನುಭವವನ್ನೂ ಕೇಳುತ್ತಾರೆ. ಮುಂದೊಂದು ದಿನ ಅಲ್ಲಿಗೆ ಹೋಗುವ ಆಸೆ ಇದ್ದರೆ ಈಗಲೇ ಕಾಲೇಜಿಗೆ ಸೇರುವುದು ಜಾಣತನ.

ಇನ್ನೊಂದು ವಿಷಯವನ್ನು ಯಾವ ಕಾಲೇಜೂ ಹೇಳುವುದಿಲ್ಲ. ಗ್ರಾಹಕರು ಬರುವುದು ತಮ್ಮ ಕೆಲಸಕ್ಕೆ ಮೊದಲು ಅಥವಾ ಕೆಲಸದ ನಂತರ. ಆದ್ದರಿಂದ ನಿಮ್ಮ ದಿನ ಬೆಳಗಿನ ಜಾವಕ್ಕೆ ಆರಂಭವಾಗಿ ಮಧ್ಯಾಹ್ನ ಖಾಲಿಯಾಗಿ ಮತ್ತೆ ರಾತ್ರಿಯವರೆಗೆ ಸಾಗುತ್ತದೆ. ಗ್ರಾಹಕರನ್ನು ಹುಡುಕುವುದೂ ಬಹುತೇಕ ನಿಮ್ಮದೇ ಹೊಣೆ. ಇದು ನಿಮಗೆ ಒಗ್ಗುತ್ತದೆಯೇ ಎಂದು ಪದವಿಯ ಮೂರನೆಯ ವರ್ಷದಲ್ಲಿ ತಿಳಿಯುವುದಕ್ಕಿಂತ ಮೊದಲನೆಯ ವರ್ಷದಲ್ಲೇ ಅರೆಕಾಲಿಕವಾಗಿ ಜಿಮ್ಮಿನಲ್ಲಿ ನಿಂತು ತಿಳಿಯುವುದು ಒಳ್ಳೆಯದು.

ಉತ್ತರ 3 (ಫಿಸಿಯೋಥೆರಪಿಸ್ಟ್)

ಯಾವ ದಾರಿ ಹಿಡಿದರೂ ತರಬೇತುದಾರರ ಕೆಲಸ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ಕಲಿಯಿರಿ. ಪಾರ್‌ಕ್ಯೂ ಪ್ಲಸ್ ಎಂಬ, ವ್ಯಾಯಾಮಕ್ಕೆ ಮೊದಲು ಆರೋಗ್ಯ ವಿಚಾರಿಸುವ ಪ್ರಶ್ನಾವಳಿಯ ಮೊದಲ ಪುಟದಲ್ಲಿ ಏಳೇ ಪ್ರಶ್ನೆಗಳಿವೆ. ಅವನ್ನು ಕೇಳದೆ ಯಾರಿಗೂ ವ್ಯಾಯಾಮ ಆರಂಭಿಸಬೇಡಿ. ಎದೆನೋವು, ತಲೆಸುತ್ತು, ಅಸಹಜ ಉಸಿರುಗಟ್ಟುವಿಕೆ ಕಂಡರೆ ನಿಲ್ಲಿಸಿ ವೈದ್ಯರ ಬಳಿಗೆ ಕಳುಹಿಸಬೇಕು. ಮಂಡಿನೋವಿಗೆ ಕಾರಣ ಇದೇ ಎಂದು ಹೇಳುವ ಅಧಿಕಾರ ನಿಮಗಿಲ್ಲ. ಮೊದಲ ದಿನವೇ ಗ್ರಾಹಕರನ್ನು ದಣಿಸಿ ಮೆಚ್ಚಿಸುವ ಚಟ ಹೊಸ ತರಬೇತುದಾರರಲ್ಲಿ ಸಾಮಾನ್ಯ. ಅಭ್ಯಾಸವಿಲ್ಲದ ದೇಹಕ್ಕೆ ಅತಿಯಾದ ವ್ಯಾಯಾಮ ಕೊಟ್ಟರೆ ಸ್ನಾಯುಕೋಶಗಳು ಒಡೆದು ಅವುಗಳ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿಯಾಗುವ ರ‍್ಯಾಬ್ಡೊಮಯೊಲಿಸಿಸ್ ಎಂಬ ಸ್ಥಿತಿ ಉಂಟಾಗಬಹುದು. ಮೂತ್ರ ಕಡುಕಂದು ಬಣ್ಣಕ್ಕೆ ತಿರುಗುವುದು ಅದರ ಸೂಚನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕಾಲೇಜಿಗೆ ಸೇರಿ ಜೊತೆಜೊತೆಗೆ ಅರೆಕಾಲಿಕವಾಗಿ ದುಡಿಯುವ ಕಡೆಗೆ ಮನಸ್ಸು ವಾಲುತ್ತಿದೆ. ಕಾಲೇಜನ್ನು ಆರಿಸುವಾಗ ಏನನ್ನು ನೋಡಬೇಕು? ರಸಾಯನಶಾಸ್ತ್ರದ ಭಯ ಇನ್ನೂ ಹೋಗಿಲ್ಲ.

ಉತ್ತರ 1ರವರಿಂದ ಮತ್ತೆ

ರಸಾಯನಶಾಸ್ತ್ರ ಬೇಕಾಗುವುದು ಆಹಾರದಿಂದ ಶಕ್ತಿ ಹೇಗೆ ದೊರೆಯುತ್ತದೆ ಎಂಬಷ್ಟಕ್ಕೆ. ವ್ಯಾಯಾಮದ ಅನುಭವ ಇರುವವರಿಗೆ ಅದು ಶಾಲೆಯಲ್ಲಿ ಓದಿದ್ದಕ್ಕಿಂತ ಬೇಗ ತಲೆಗೆ ಹತ್ತುತ್ತದೆ, ಏಕೆಂದರೆ ಪ್ರತಿಯೊಂದು ಪಾಠಕ್ಕೂ ನಿಮ್ಮ ದೇಹದಲ್ಲೇ ಸಾಕ್ಷಿ ಸಿಗುತ್ತದೆ. ಗಣಿತವೂ ಅಷ್ಟೇ, ಸನ್ನೆಕೋಲಿನ ಲೆಕ್ಕ ಮತ್ತು ಸ್ವಲ್ಪ ಸಂಖ್ಯಾಶಾಸ್ತ್ರ.

ಕಾಲೇಜಿನ ಹೆಸರಿಗಿಂತ ಪಠ್ಯಕ್ರಮವನ್ನು ನೋಡಿ. ದೈಹಿಕ ಶಿಕ್ಷಣದ ಪದವಿ ಮುಖ್ಯವಾಗಿ ಶಾಲಾ ಶಿಕ್ಷಕರನ್ನು ತಯಾರು ಮಾಡುತ್ತದೆ. ಅದನ್ನೂ ವ್ಯಾಯಾಮ ವಿಜ್ಞಾನವನ್ನೂ ಒಂದೇ ಎಂದುಕೊಂಡು ಸೇರಿ ಎರಡನೆಯ ವರ್ಷದಲ್ಲಿ ಪರಿತಪಿಸುವವರನ್ನು ಪ್ರತಿವರ್ಷ ನೋಡುತ್ತೇನೆ. ಮೇಲ್ವಿಚಾರಣೆಯಲ್ಲಿ ನಿಜವಾದ ಗ್ರಾಹಕರಿಗೆ ತರಬೇತಿ ಕೊಡುವ ಇಂಟರ್ನ್‌ಶಿಪ್ ಅಂಕಗಳ ಭಾಗವಾಗಿದೆಯೇ ಎಂದು ಕೇಳಿ. ಉತ್ತರ 2ರಲ್ಲಿ ಹೇಳಿರುವ ಕೊರತೆ ತುಂಬುವುದು ಅಲ್ಲಿಯೇ. ಪ್ರಯೋಗಾಲಯವನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಟ್ರೆಡ್‌ಮಿಲ್ ಮೇಲೆ ಓಡುವವರ ಆಮ್ಲಜನಕ ಬಳಕೆಯನ್ನು ಅಳೆಯುವ ಯಂತ್ರ ಇದೆ ಎಂದರೆ ಸಾಲದು, ಅದನ್ನು ವಿದ್ಯಾರ್ಥಿಗಳೇ ನಡೆಸುತ್ತಾರೆಯೇ, ಪ್ರದರ್ಶನಕ್ಕೆ ಮಾತ್ರ ಇಟ್ಟಿದ್ದಾರೆಯೇ ಎಂಬುದನ್ನು ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಪ್ರತ್ಯೇಕವಾಗಿ ಕಂಡು ವಿಚಾರಿಸಿ.